ಹೈ ಸಿ ಊದುವಾಗ ಮಾತ್ರ ಸೋರುವ ಗಾಳಿ

2023ರಲ್ಲಿ ನಾನು ಪುಣೆಯ ಹಡಪಸರದ ಒಂದು ಖಾಸಗಿ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಸ್ಪೀಚ್ ಥೆರಪಿಸ್ಟ್ ಎಂದರೆ ತೊದಲುವ ಮಕ್ಕಳಿಗೆ ಮಾತು ತಿದ್ದುವವರು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಅದೂ ಹೌದು. ಆದರೆ ಪಾರ್ಶ್ವವಾಯು ಬಡಿದವರಿಗೆ ನುಂಗುವುದನ್ನು ಮತ್ತೆ ಕಲಿಸುವುದೂ, ಪಾಠ ಹೇಳಿ ಹೇಳಿ ದನಿ ಒಡೆದುಕೊಂಡ ಶಿಕ್ಷಕಿಯರ ಗಂಟಲನ್ನು ದಾರಿಗೆ ತರುವುದೂ ನಮ್ಮ ಕೆಲಸವೇ. ಬಾಯಿ, ಗಂಟಲು, ಮೂಗು ಈ ಮೂರರ ನಡುವೆ ಗಾಳಿ ಎಲ್ಲಿ ಹೋಗಬೇಕೋ ಅಲ್ಲಿಗೆ ಹೋಗುತ್ತಿದೆಯೇ ಎಂದು ನೋಡುವುದು ನಮ್ಮ ಕಸುಬು ಎಂದರೆ ಸರಿಹೋದೀತು.

ಆ ವರ್ಷದ ಮಳೆಗಾಲದ ಕೊನೆಯಲ್ಲಿ ಶ್ರೀಕಾಂತ ಹೊಸಮನಿ ಎಂಬವರು ನನ್ನ ಕೋಣೆಗೆ ಬಂದರು. ವಯಸ್ಸು ಐವತ್ತರ ಹತ್ತಿರ. ಹಗಲು ಹಡಪಸರದ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಗುಮಾಸ್ತ, ಸಂಜೆ ಹಳೆಯ ಸಿನಿಮಾ ಹಾಡುಗಳ ಆರ್ಕೆಸ್ಟ್ರಾದಲ್ಲಿ ಟ್ರಂಪೆಟ್ ವಾದಕ. ಅವರ ಕೈಯಲ್ಲಿದ್ದ ನಮ್ಮ ವಿಭಾಗದ ಚೀಟಿಯಲ್ಲಿ ‘ಪರ್ಫಾರ್ಮೆನ್ಸ್ ಆಂಗ್ಜೈಟಿ, ಉಸಿರಾಟದ ವ್ಯಾಯಾಮ ಹೇಳಿಕೊಡಿ’ ಎಂದಿತ್ತು. ಅಂದರೆ ವೇದಿಕೆಯ ಭಯ. ಅದಕ್ಕೆ ಮೊದಲು ಇನ್ನೆರಡು ಕಡೆ ತೋರಿಸಿ ಬಂದಿದ್ದರು. ಒಬ್ಬರು ಹಲ್ಲು ನೋಡಿದ್ದರು, ಒಬ್ಬರು ಎದೆಯ ಎಕ್ಸ್-ರೇ ತೆಗೆಸಿದ್ದರು. ಎಲ್ಲವೂ ನಾರ್ಮಲ್.

ನಾನು ಮರಾಠಿಯಲ್ಲಿ ಶುರುಮಾಡಿದೆ. ಅವರು ನನ್ನ ಹೆಸರಿನ ಬೋರ್ಡು ನೋಡಿ, “ನಿಮ್ಮವ್ರು ಧಾರವಾಡ ಕಡೆಯವ್ರೇನ್ರಿ?” ಎಂದರು. ಹೌದು ಎಂದೆ. ಅಲ್ಲಿಂದ ಮುಂದೆ ಅವರು ಗೋಕಾಕದ ಕನ್ನಡಕ್ಕೆ ಇಳಿದರು, ದೂರೂ ನೇರವಾಯಿತು.

“ಮಾತಾಡಾಗ ಏನೂ ಇಲ್ರಿ. ಕೆಳಗಿನ ಸುರ ಊದಾಗೂ ಏನೂ ಇಲ್ಲ. ಮ್ಯಾಲ ಹೋದಾಗ ಮೂಗಿನ್ಯಾಗಿಂದ ಫುಸ್ ಅಂತ ಗಾಳಿ ಹೋಗ್ತದ್ರಿ. ಸುರ ಕುಸೀತದ.”

ಟ್ರಂಪೆಟ್ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು. ಆ ವಾದ್ಯಕ್ಕೆ ಇರುವುದು ಮೂರೇ ಗುಂಡಿ. ಹಾರ್ಮೋನಿಯಂನಂತೆ ಮೇಲಿನ ಸ್ವರಕ್ಕೆ ಬೇರೆ ಮನೆ ಇಲ್ಲ. ಅದೇ ಬೆರಳು, ಅದೇ ಗುಂಡಿ. ತುಟಿಯ ಸಂದು ಕಿರಿದಾಗಿ, ಗಾಳಿಯ ಒತ್ತಡ ಏರಿದಂತೆ ಸ್ವರ ಮೇಲೇರುತ್ತದೆ. ‘ಹೈ ಸಿ’ ಎಂಬ ಸ್ವರವನ್ನು ಜೋರಾಗಿ ಹಿಡಿದು ನಿಲ್ಲಿಸುವಾಗ ಬಾಯೊಳಗಿನ ಒತ್ತಡ ಮಾತಿನ ಒತ್ತಡಕ್ಕಿಂತ ಎಷ್ಟೋ ಪಾಲು ಹೆಚ್ಚು. ಶ್ರೀಕಾಂತರು ತಮ್ಮ ಆರ್ಕೆಸ್ಟ್ರಾದಲ್ಲಿ ಹೆಸರು ಮಾಡಿದ್ದೇ ಆ ಸ್ವರದಿಂದ. ಒಂದು ಹಾಡಿನ ಕೊನೆಯಲ್ಲಿ ಅವರು ಅದನ್ನು ಹಿಡಿದು ನಿಂತರೆ ಜನ ಕುರ್ಚಿ ಬಿಟ್ಟು ಏಳುತ್ತಿದ್ದರು. ಈಗ ಅದೇ ಸ್ವರ ಮೂರು ಕಾರ್ಯಕ್ರಮಗಳಲ್ಲಿ ಒಡೆದಿತ್ತು. ಮಾಲೀಕ ಅವಿನಾಶ, ಜನವರಿಯ ದೊಡ್ಡ ಕಾರ್ಯಕ್ರಮದ ಹೊತ್ತಿಗೆ ಸರಿಯಾಗದಿದ್ದರೆ ಟ್ರಂಪೆಟ್‌ನ ಭಾಗವನ್ನು ಕೀಬೋರ್ಡಿಗೆ ಕೊಡುವುದಾಗಿ ಹೇಳಿದ್ದ. ಕೀಬೋರ್ಡಿನಲ್ಲಿ ಟ್ರಂಪೆಟ್ ದನಿಯೂ ಬರುತ್ತದೆ, ಅದರ ತುಟಿ ಎಂದೂ ದಣಿಯುವುದಿಲ್ಲ.

ಚೀಟಿಯಲ್ಲಿದ್ದ ತೀರ್ಮಾನ ನನಗೆ ಹಿಡಿಸಲಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದ ಕಾಲದಿಂದ ನನಗೊಂದು ಚಟ: ಯಾರಾದರೂ ‘ಎಲ್ಲ ಮನಸ್ಸಿನದು’ ಎಂದರೆ, ಹಾಗಾದರೆ ಇದು ಮನಸ್ಸಿನದಲ್ಲ ಎಂದು ತೋರಿಸಲು ಏನು ಸಿಗಬೇಕಿತ್ತು ಎಂದು ಕೇಳುವುದು. ಉತ್ತರವಿಲ್ಲದಿದ್ದರೆ ಅದು ತೀರ್ಮಾನವಲ್ಲ, ಬಾಗಿಲು ಮುಚ್ಚುವ ಸದ್ದು. ಭಯವಾದರೆ ವೇದಿಕೆಯಲ್ಲಿ ಬರಬೇಕು, ಒಬ್ಬರೇ ಇದ್ದಾಗ ಬರಬಾರದು. ಒಬ್ಬರೇ ಇರುವಾಗಲೂ ಆಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ ಎಂದರು. ಊದಲು ಶುರುಮಾಡಿದ ಕೂಡಲೇ? ಇಲ್ಲ, ಅರ್ಧ ಗಂಟೆ ಊದಿದ ಮೇಲೆ. ಇದು ಯಾವ ಸೀಮೆಯ ಭಯ? ಯಾರೂ ಇಲ್ಲದಲ್ಲಿ ಬರುತ್ತದೆ, ಅದೂ ತಡವಾಗಿ ಬರುತ್ತದೆ, ಬಂದರೂ ಒಂದು ಸ್ವರದ ಮೇಲಷ್ಟೇ ಬರುತ್ತದೆ!

ವಾದ್ಯ ತಂದಿದ್ದರು. ಊದಿ ಎಂದೆ. ಊದಿದರು. ಸೋರಲಿಲ್ಲ. ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದೆ. ಮೂಗಿನಿಂದ ಗಾಳಿ ಬಂದರೆ ಅದು ಮಸುಕಾಗುತ್ತದೆ. ಕನ್ನಡಿ ಲಕಲಕ ಹೊಳೆಯುತ್ತಿತ್ತು. ನಮ್ಮ ವಿಭಾಗದ ಮುಖ್ಯಸ್ಥೆ ಡಾ. ಗೋಖಲೆ ಆಗಲೇ ಎಂಡೋಸ್ಕೋಪ್ ಹಾಕಿ ನೋಡಿದ್ದರು. ಎಂಡೋಸ್ಕೋಪ್ ಎಂದರೆ ಮೂಗಿನಿಂದ ಇಳಿಸುವ ತೆಳ್ಳನೆಯ ಕ್ಯಾಮೆರಾ ನಳಿಗೆ. ಅದರಲ್ಲೂ ಏನೂ ಸಿಕ್ಕಿರಲಿಲ್ಲ. ಮನೆಯಲ್ಲೂ ಇಷ್ಟೇ ಮೆಲ್ಲಗೆ ಊದುತ್ತೀರಾ ಎಂದು ಸುಮ್ಮನೆ ಕೇಳಿದೆ.

“ಎಲ್ರಿ. ದವಾಖಾನಿ ಅಲ್ರಿ ಇದು? ಹೊರಗ ‘ಶಾಂತತಾ ರಾಖಾ’, ಗದ್ದಲ ಮಾಡಬ್ಯಾಡ್ರಿ ಅಂತ ಬೋರ್ಡ್ ಅದ. ಮಂದಿ ಮಲಗ್ಯಾರ. ಎಲ್ಲಾ ಕಡೆ ಮೆಲ್ಲಕ ಊದಿ ತೋರಿಸೇನ್ರಿ.”

ಮೂರು ಕಡೆಯ ತಪಾಸಣೆಗಳೂ ಈ ಸಭ್ಯತೆಯ ಮೇಲೆ ನಿಂತಿದ್ದವು. ಡಾಕ್ಟರರು ಆಸ್ಪತ್ರೆಯಲ್ಲಿ ನೋಡುತ್ತಾರೆ, ಆಸ್ಪತ್ರೆಯಲ್ಲಿ ಯಾರೂ ಜೋರಾಗಿ ಟ್ರಂಪೆಟ್ ಊದುವುದಿಲ್ಲ, ಜೋರಾಗಿ ಊದದೆ ಆ ತೊಂದರೆ ಮುಖ ತೋರಿಸುವುದಿಲ್ಲ.

ಹಾಗಾದರೆ ಮನೆಯಲ್ಲಿ ಅಕ್ಕಪಕ್ಕದವರು ಸುಮ್ಮನಿರುತ್ತಾರೆಯೇ? ಫ್ಲ್ಯಾಟಿನಲ್ಲಿ ಟ್ರಂಪೆಟ್ ಊದಿದರೆ ಸೊಸೈಟಿಯವರು ಬಿಟ್ಟಾರೆಯೇ? ಶ್ರೀಕಾಂತರು ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಕಚೇರಿ ಮುಗಿದ ಮೇಲೆ ಟ್ರಾನ್ಸ್‌ಪೋರ್ಟ್ ಅಂಗಳದಲ್ಲಿ ನಿಂತ ಯಾವುದಾದರೂ ಖಾಲಿ ಲಾರಿಯ ಕಂಟೇನರ್ ಹೊಕ್ಕು ಬಾಗಿಲು ಎಳೆದುಕೊಂಡು ಅಭ್ಯಾಸ ಮಾಡುತ್ತಿದ್ದರು. ಮರುದಿನ ಸಂಜೆ ನಾನೂ ಆ ಕಂಟೇನರ್ ಹತ್ತಿದೆ. ಹೊರಗೆ ಡ್ರೈವರುಗಳು ಚಹಾ ಕುಡಿಯುತ್ತ, ಹೊಸಮನಿ ಸಾಹೇಬರ ವಾದ್ಯ ನೋಡಲು ಡಾಕ್ಟರಮ್ಮ ಬಂದಿದ್ದಾರೆ ಎಂದು ನಗುತ್ತಿದ್ದರು. ನಾನು ಡಾಕ್ಟರಲ್ಲ ಎಂದು ತಿದ್ದಲು ಹೋಗಲಿಲ್ಲ.

ತಗಡಿನ ಪೆಟ್ಟಿಗೆಯೊಳಗಿನ ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು. ಅರ್ಧ ಗಂಟೆ ಕಳೆದ ಮೇಲೆ ಹೈ ಸಿ ಹಿಡಿದರು. ಫುಸ್. ಕನ್ನಡಿ ಮಸುಕಾಯಿತು. ಈಜುವವರು ಮೂಗಿಗೆ ಹಾಕುವ ಕ್ಲಿಪ್ ಒಂದನ್ನು ತಂದಿದ್ದೆ, ಹಾಕಿಕೊಂಡು ಊದಿ ಎಂದೆ. ಸ್ವರ ಗಟ್ಟಿಯಾಗಿ ನಿಂತಿತು. ತೆಗೆದರೆ ಕುಸಿಯಿತು, ಹಾಕಿದರೆ ನಿಂತಿತು. ಶ್ರೀಕಾಂತರ ಕಣ್ಣು ಒದ್ದೆಯಾದವು. ನನಗೂ ಕುಣಿಯಬೇಕೆನಿಸಿತು. ಆದರೆ ಒಳಗಿನ ಎದುರಾಳಿ ಸುಮ್ಮನಿರಬೇಕಲ್ಲ: ಕ್ಲಿಪ್ ಹಾಕಿದ್ದೇನೆ ಎಂಬ ಧೈರ್ಯಕ್ಕೂ ಸ್ವರ ನಿಂತಿರಬಹುದು, ಒಳಗೆ ಏನಾಗುತ್ತಿದೆ ಎಂದು ಕಣ್ಣಾರೆ ನೋಡಬೇಕು.

ನನ್ನ ಊಹೆ ಇಷ್ಟು. ಅಂಗುಳದ ಹಿಂಭಾಗ, ಕಿರುನಾಲಗೆ ತೂಗುವ ಕಡೆ, ಮೆತ್ತನೆಯ ಮಾಂಸದ ಒಂದು ಪರದೆ ಇದೆ. ಬಲೂನು ಊದುವಾಗ ಅದು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಅದಕ್ಕೇ ಗಾಳಿ ಬಲೂನಿಗೆ ಹೋಗುತ್ತದೆ, ಮೂಗಿಗೆ ಹೋಗುವುದಿಲ್ಲ. ಮಾತಿಗೆ ಸಾಕಾಗುವಷ್ಟು ಬಲ ಆ ಪರದೆಗೆ ಇದ್ದು, ಹೈ ಸಿ ಒತ್ತಡಕ್ಕೆ ಮಾತ್ರ ಸಾಲದೆ ಹೋದರೆ? ಗಾಳಿ ವಾದ್ಯ ನುಡಿಸುವವರಲ್ಲಿ ಇದು ಅಪರೂಪಕ್ಕೆ ಕಾಣುತ್ತದೆ ಎಂದು ಓದಿದ್ದೆ. ಡಾ. ಗೋಖಲೆ ಮೊದಲು ಒಪ್ಪಲಿಲ್ಲ, ಒಮ್ಮೆ ನೋಡಿ ಆಗಿದೆಯಲ್ಲ ಎಂದರು. ತಾವು ನೋಡಿದ್ದು ಸರಿ, ಆದರೆ ಊದುತ್ತಿದ್ದುದು ಬೇರೆ ಮನುಷ್ಯ, ಆಸ್ಪತ್ರೆಗೆ ಹೆದರಿ ಮೆಲ್ಲಗೆ ಊದುವವನು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, “ಮಗೂ, ನಿನ್ನನ್ನು ಮದುವೆಯಾಗುವವನ ಗತಿ ಏನು?” ಎಂದು ಮರಾಠಿಯಲ್ಲಿ ಹೇಳಿ ಭಾನುವಾರದ ಸಮಯ ಕೊಟ್ಟರು. ಆಡಳಿತಾಧಿಕಾರಿಯನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ಎಷ್ಟು ಜೋರು ಎಂದು ಕೇಳಿದರು. ತುಂಬ ಜೋರು ಎಂದು ನಿಜವನ್ನೇ ಹೇಳಿದೆ. ಕೊನೆಗೆ ಭಾನುವಾರ ಹೊರರೋಗಿ ವಿಭಾಗ ಮುಚ್ಚಿರುತ್ತದೆ, ಫಿಸಿಯೊಥೆರಪಿಯ ದಪ್ಪ ಮ್ಯಾಟುಗಳನ್ನು ಕಿಟಕಿಗೆ ಒರಗಿಸಿ ಎಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತು.

ಆ ಭಾನುವಾರ ಶ್ರೀಕಾಂತರು ಮೊದಲು ಬರೀ ಉದ್ದುದ್ದ ಸ್ವರಗಳನ್ನು ಊದಿ ಅಂಗುಳವನ್ನು ದಣಿಸಿದರು. ಮಧ್ಯೆ ಮೇಲಿನ ವಾರ್ಡಿನಿಂದ ನರ್ಸ್ ಇಳಿದು ಬಂದಳು. ದೂರು ಬಂತು ಎಂದುಕೊಂಡೆ. ಹಾಡು ಯಾವಾಗ ಶುರುವಾಗುತ್ತದೆ ಎಂದು ರೋಗಿಗಳ ಕಡೆಯವರು ಕೇಳುತ್ತಿದ್ದಾರಂತೆ. ಬಳಿಕ ಡಾ. ಗೋಖಲೆ ನಳಿಗೆ ಇಳಿಸಿದರು. ಹೈ ಸಿ. ಮಾನಿಟರಿನ ಮೇಲೆ ಅಂಗುಳ ಎದ್ದು ಮುಚ್ಚಿಕೊಂಡಿದ್ದು ಕಂಡಿತು. ಒಂದು ಕ್ಷಣ ನಿಂತಿತು. ಆಮೇಲೆ ನಡುವೆ ಸಣ್ಣದೊಂದು ಸಂದು ತೆರೆದು, ಎಂಜಲಿನ ಗುಳ್ಳೆಗಳು ಅದರೊಳಗಿಂದ ಮೇಲಕ್ಕೆ ಚಿಮ್ಮಿದವು. ಡಾ. ಗೋಖಲೆ ಅದನ್ನೇ ಮತ್ತೊಮ್ಮೆ ಊದಿಸಿ ನೋಡಿದರು. ಬಳಿಕ ಮಾನಿಟರನ್ನು ಶ್ರೀಕಾಂತರ ಕಡೆಗೆ ತಿರುಗಿಸಿ, ಇದು ನಿಮ್ಮ ಮನಸ್ಸಲ್ಲ, ಅಂಗುಳ ಎಂದು ತೋರಿಸಿದರು.

ಮುಂದೇನು? ಶಸ್ತ್ರಚಿಕಿತ್ಸೆಯಿಂದ ಆ ಸಂದನ್ನು ಕಿರಿದು ಮಾಡಬಹುದಿತ್ತು. ಶ್ರೀಕಾಂತರಿಗೆ ಮನಸ್ಸಿರಲಿಲ್ಲ. ವಿಶ್ರಾಂತಿ ಕೊಟ್ಟು, ಆಮೇಲೆ ಕಡಿಮೆ ಒತ್ತಡದಿಂದ ಸ್ವಲ್ಪಸ್ವಲ್ಪವೇ ಏರಿಸುವ ಅಭ್ಯಾಸ ಇನ್ನೊಂದು ದಾರಿ. ಅದು ಫಲಿಸುತ್ತದೆ ಎಂಬುದಕ್ಕೆ ನನ್ನ ಹತ್ತಿರ ಗಟ್ಟಿ ಪುರಾವೆ ಇಲ್ಲ, ಇಂಥವರು ಸಿಗುವುದೇ ಕಡಿಮೆ, ಹಾಗಾಗಿ ಖಾತ್ರಿ ಕೊಡಲಾರೆ ಎಂದೆ. ಅವರು ವಾದ್ಯವನ್ನು ಪೆಟ್ಟಿಗೆಯಲ್ಲಿಡುತ್ತ ಹೇಳಿದ ಮಾತು ಇದು:

“ಗೊತ್ತಿಲ್ಲ ಅಂತ ಹೇಳ್ರಿ, ನಡೀತದ. ಆಗೂದಿಲ್ಲ ಅನ್ರಿ, ಅದೂ ನಡೀತದ. ಏನೂ ಆಗಿಲ್ಲ ಅಂತ ಮಾತ್ರ ಅನಬ್ಯಾಡ್ರಿ.”

ಕೆಲವು ವಾರ ಟ್ರಂಪೆಟ್ ಮುಟ್ಟಲಿಲ್ಲ. ಬಳಿಕ ಕಂಟೇನರಿನಲ್ಲಿ ಕನ್ನಡಿಯೊಂದಿಗೆ ಶುರುಮಾಡಿದರು. ಕನ್ನಡಿ ಮಸುಕಾದ ಕೂಡಲೇ ಆ ದಿನದ ಅಭ್ಯಾಸ ಮುಗಿಯುತ್ತಿತ್ತು. ಈ ನಡುವೆ ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಇಷ್ಟು ವರ್ಷ ತಡೆದ ಅಂಗುಳ ಈಗೇಕೆ ಸೋತಿತು? ಕೇಳುತ್ತ ಹೋದಾಗ ತಿಳಿದದ್ದು, ಲಾಕ್‌ಡೌನಿಗೆ ಮೊದಲು ಆರ್ಕೆಸ್ಟ್ರಾದಲ್ಲಿ ಮೂವರು ಟ್ರಂಪೆಟ್‌ನವರಿದ್ದರು. ಇಬ್ಬರು ಊರು ಬಿಟ್ಟರು. ಶ್ರೀಕಾಂತರು ಮೂವರ ದನಿಯನ್ನು ಒಬ್ಬರೇ ತೆಗೆಯಲು ಹೊರಟಿದ್ದರು. ಅದೂ ಮೈಕಿನಿಂದ ದೂರ, ಹಿಂದಿನ ಸಾಲಿನಿಂದ.

ಅವಿನಾಶನನ್ನು ಕಾಣಲು ಶ್ರೀಕಾಂತರೊಡನೆ ಸದಾಶಿವ ಪೇಠೆಯ ಅವನ ತಾಲೀಮಿನ ಕೋಣೆಗೆ ಹೋದೆ. ನನಗೆ ಅವನನ್ನು ಖಳನಾಯಕ ಮಾಡುವ ಆಸೆಯಿತ್ತು, ಆದರೆ ಅವನ ವಾದದಲ್ಲಿ ಹುರುಳಿತ್ತು. ಟಿಕೆಟ್ ತೆಗೆದ ಜನ ಆ ಸ್ವರಕ್ಕಾಗಿಯೇ ಬರುತ್ತಾರೆ, ಒಡೆದರೆ ರಾತ್ರಿ ಮನೆ ಸೇರುವ ಮೊದಲೇ ಅದರ ವೀಡಿಯೊ ಎಲ್ಲರ ಮೊಬೈಲಿನಲ್ಲಿರುತ್ತದೆ, ಆಗ ನಗೆಪಾಟಲಾಗುವುದು ಶ್ರೀಕಾಂತನೇ ಎಂದ. ನಾನು ಎರಡೇ ಕೇಳಿದೆ. ಅವರ ಮುಂದೆ ಒಂದು ಮೈಕ್ ಇಡಿ, ಅವರು ಕೂಗಬೇಕಾಗಿಲ್ಲ. ಆ ಹಾಡನ್ನು ಕಾರ್ಯಕ್ರಮದ ಕೊನೆಗೆ ಇಡದೆ ಮೊದಲ ಭಾಗಕ್ಕೆ ತನ್ನಿ, ಅಂಗುಳ ದಣಿದಿರುವುದಿಲ್ಲ. ಅವನು ಎರಡಕ್ಕೂ ಒಪ್ಪಿದ. ಆದರೆ ಕೀಬೋರ್ಡಿನವನೂ ಆ ಸ್ವರದ ಮೇಲೆ ಬೆರಳಿಟ್ಟು ಸಿದ್ಧನಿರುತ್ತಾನೆ, ಒಡೆದರೆ ಅವನೇ ನುಡಿಸುತ್ತಾನೆ, ಆಮೇಲೆ ಅದು ಅವನದೇ ಎಂದ. ಶ್ರೀಕಾಂತರು ಒಪ್ಪಿ ತಲೆಯಾಡಿಸಿದರು.

ಜನವರಿಯ ಹೊತ್ತಿಗೆ ಅವರು ಹೈ ಸಿಯನ್ನು ಸೋರದೆ ಹಿಡಿಯಬಲ್ಲವರಾಗಿದ್ದರು. ಆದರೆ ಒಂದು ಸಂಜೆಗೆ ಒಂದೇ ಸಲ. ಎರಡನೆಯ ಸಲ ಕನ್ನಡಿ ಮಸುಕಾಗುತ್ತಿತ್ತು. ಅದಕ್ಕಿಂತ ಮುಂದೆ ಹೋಗಲು ನಮ್ಮಿಂದಾಗಲಿಲ್ಲ.

ಕಾರ್ಯಕ್ರಮದ ಸಂಜೆ ನಾನೂ ಡಾ. ಗೋಖಲೆಯೂ ಐದನೆಯ ಸಾಲಿನಲ್ಲಿ ಕೂತಿದ್ದೆವು. ಹಾಡು ಬಂತು. ಕೊನೆಯಲ್ಲಿ ಶ್ರೀಕಾಂತರು ಮೈಕಿನ ಮುಂದೆ ಬಂದು ಹೈ ಸಿ ಹಿಡಿದರು. ಕೂಗಿದಂತಿರಲಿಲ್ಲ, ಸ್ವರ ತಾನಾಗಿ ನಿಂತಂತಿತ್ತು. ನಾನು ಉಸಿರು ಬಿಟ್ಟೆ. ಆದರೆ ಪುಣೆಯ ಪ್ರೇಕ್ಷಕರು ಮೆಚ್ಚಿದ್ದನ್ನು ಒಮ್ಮೆ ಕೇಳಿ ಸುಮ್ಮನಾಗುವವರಲ್ಲ. ಹಿಂದಿನ ಸಾಲಿನಿಂದ ಶುರುವಾಯಿತು, “ವನ್ಸ್ ಮೋರ್!” ಇಡೀ ಸಭಾಂಗಣ ಅದನ್ನೇ ಹಿಡಿಯಿತು. ಈ ಪದ್ಧತಿಯಲ್ಲಿ ಇಲ್ಲ ಎನ್ನುವಂತಿಲ್ಲ, ಅದು ಅವಮಾನ. ಅವಿನಾಶ ಕೈಯೆತ್ತಿ ಹಾಡಿನ ಕೊನೆಯ ಭಾಗವನ್ನು ಮತ್ತೆ ಶುರುಮಾಡಿದ. ಕೀಬೋರ್ಡಿನವನು ಶ್ರೀಕಾಂತರ ಮುಖ ನೋಡಿದ, ಅವನ ಬೆರಳು ಸ್ವರದ ಮೇಲೆಯೇ ಇತ್ತು. ಶ್ರೀಕಾಂತರು ಅವನಿಗೆ ಬೇಡವೆಂದು ತಲೆಯಾಡಿಸಿದರು. ಡಾ. ಗೋಖಲೆ ನನ್ನ ಮುಂಗೈ ಹಿಡಿದುಕೊಂಡರು.

ಅವರು ಹೈ ಸಿಗೆ ಹೋಗಲೇ ಇಲ್ಲ. ಅದೇ ಸಾಲನ್ನು ಒಂದು ಸಪ್ತಕ ಕೆಳಗೆ, ಮಂದವಾಗಿ, ಯಾರಿಗೋ ಹತ್ತಿರ ಕೂತು ಹೇಳುವಂತೆ ಊದಿದರು. ಕೊನೆಯ ಸ್ವರ ಮುಗಿದ ಮೇಲೆ ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಆ ಗಳಿಗೆಯಲ್ಲಿ ಎಲ್ಲ ಸೋತೆವು ಎಂದುಕೊಂಡೆ. ಆಮೇಲೆ ಚಪ್ಪಾಳೆ ಬಂತು. ಮೊದಲಿನಷ್ಟು ಜೋರಾಗಿರಲಿಲ್ಲ, ಆದರೆ ಬೇಗ ನಿಲ್ಲಲೂ ಇಲ್ಲ.

ಮಧ್ಯಂತರದಲ್ಲಿ ರಂಗದ ಹಿಂದೆ ಹೋದಾಗ ಅವಿನಾಶ ಕೀಬೋರ್ಡಿನವನಿಗೆ, ಟ್ರಂಪೆಟ್ ಶ್ರೀಕಾಂತನದೇ, ಇನ್ನು ಮುಂದೆ ಮೊದಲ ಸಲ ಮೇಲೆ, ವನ್ಸ್ ಮೋರ್ ಬಂದರೆ ಕೆಳಗೆ, ಹೀಗೇ ಇರಲಿ ಎನ್ನುತ್ತಿದ್ದ. ಶ್ರೀಕಾಂತರು ತುಟಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದರು. ನಾನು ಎರಡನೆಯ ಸಲಕ್ಕೆ ಹೀಗೆ ಮಾಡುವುದೆಂದು ಮೊದಲೇ ಯೋಚಿಸಿದ್ದಿರಾ ಎಂದು ಕೇಳಿದೆ.

“ಇಲ್ರಿ. ಗಾಳಿ ಇಲ್ಲ ಅಂತ ಗೊತ್ತಿತ್ತು. ಹಾಡು ಇನ್ನೂ ಇತ್ತಲ್ರಿ.”

ಒಬ್ಬರ ಅನುಭವದಿಂದ ನಿಯಮ ಮಾಡಬಾರದು ಎಂದು ನಾನೇ ಎಲ್ಲರ ಜೊತೆ ವಾದ ಹೂಡುವವಳು, ಹಾಗಾಗಿ ಈ ಚಿಕಿತ್ಸೆ ಎಲ್ಲರಿಗೂ ಫಲಿಸುತ್ತದೆ ಎನ್ನಲಾರೆ. ವಿಶ್ರಾಂತಿಯಿಂದ ಆಯಿತೋ, ಮೈಕಿನಿಂದ ಆಯಿತೋ ಎಂಬುದೂ ನನಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಮೂರು ಕಡೆ ನಾರ್ಮಲ್ ಎಂದು ಬರೆಸಿಕೊಂಡ ಮೇಲೂ ಶ್ರೀಕಾಂತರು ತಮ್ಮ ದೂರನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಯಾರ ಮೇಲೂ ಸಿಟ್ಟಾಗದೆ ನಾಲ್ಕನೆಯ ಬಾಗಿಲು ತಟ್ಟಿದರು. ಅಷ್ಟು ಸೌಮ್ಯವಾಗಿ, ಅಷ್ಟು ಪಟ್ಟುಹಿಡಿದು ವಾದಿಸುವವರನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿರಲಿಲ್ಲ. ಈ ಕಸುಬಿನಲ್ಲಿ ನನಗೆ ಗುರುಗಳು ಹಲವರಿದ್ದಾರೆ. ಋಣ ಎಂಬ ಮಾತು ಬಂದಾಗ ಮೊದಲು ನೆನಪಾಗುವುದು ಶ್ರೀಕಾಂತರು.

ಅವರು ಬಂದುಹೋದ ಮೇಲೆ ನಾನು ಹೊಸಬರಿಗೆ ಕೇಳುವ ಮೊದಲ ಪ್ರಶ್ನೆ ಬದಲಾಗಿದೆ. ಏನಾಗುತ್ತದೆ ಎಂದು ಕೇಳುವ ಮೊದಲು ಎಲ್ಲಿ ಆಗುತ್ತದೆ ಎಂದು ಕೇಳುತ್ತೇನೆ. ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಹರಾಜು ಕೂಗುವವರೊಬ್ಬರು ಈಗ ನನ್ನ ಹತ್ತಿರ ಬರುತ್ತಿದ್ದಾರೆ. ನನ್ನ ಕೋಣೆಯಲ್ಲಿ ಅವರ ದನಿ ಚೆನ್ನಾಗಿಯೇ ಇದೆ. ನಾಳೆ ಬೆಳಗ್ಗೆ ಹರಾಜಿಗೆ ಹೋಗುತ್ತಿದ್ದೇನೆ.