ಹೊದಿಕೆ ಎಳೆಯುವ ಮೊದಲು

ನಮ್ಮ ಅತ್ತಿಗೆಗೆ ಕಾರು ಓಡಿಸಲು ಬರುವುದಿಲ್ಲ. ಆದರೂ ಈ ಊರಿನ ಅರ್ಧ ಕಾರುಗಳು ಅವರ ಕೈಯಿಂದಲೇ ಬೀದಿಗಿಳಿದಿವೆ ಎಂದು ನಾನು ಸಿಕ್ಕವರ ಮುಂದೆಲ್ಲ ಕೊಚ್ಚಿಕೊಳ್ಳುತ್ತೇನೆ. ಶೋರೂಮಿನಲ್ಲಿ ಹೊಸ ಕಾರಿನ ಕೆಂಪು ಹೊದಿಕೆಯನ್ನು ಗಿರಾಕಿಯ ಎದುರು ಎಳೆಯುವುದು ಅವರ ಕೆಲಸ. ಕನ್ನಡಿಗೆ, ವೈಪರ್‌ಗೆ ಸಿಕ್ಕಿಕೊಳ್ಳದೆ ಒಂದೇ ಎಳೆತಕ್ಕೆ ಅದು ಜಾರಬೇಕು. ಅಣ್ಣ ಬೆನ್ನು ಮುರಿದುಕೊಂಡು ಮೂಲೆ ಹಿಡಿದ ಮೇಲೆ ಮನೆ ನಡೆದದ್ದು ಆ ಎಳೆತದಿಂದಲೇ.

ಗಿರಾಕಿಯ ಮಕ್ಕಳು ಚಪ್ಪಾಳೆ ತಟ್ಟಿ ಹಿಂದಿನ ಸೀಟಿಗೆ ಹತ್ತುವ ಹೊತ್ತಿಗೆ ಮ್ಯಾನೇಜರ್ ಹಲ್ಲು ಕಿರಿಯುತ್ತ ಬರುತ್ತಿದ್ದ. ಸಾಗಿಸಿದ ಖರ್ಚು, ತೊಳೆದ ಖರ್ಚು, ಕಾಗದಪತ್ರದ ಖರ್ಚು, ಅಲ್ಲಿಯತನಕ ಬಾಯಿ ಬಿಟ್ಟು ಹೇಳದ ಶುಲ್ಕಗಳೆಲ್ಲ ಆಗ ಹೊರಬೀಳುತ್ತಿದ್ದವು. ಹತ್ತಿದ ಮಕ್ಕಳನ್ನು ಇಳಿಸಿಕೊಂಡು ಹೋಗುವ ಎದೆ ಯಾವ ತಂದೆಗಿದೆ?

ಇದಕ್ಕೆ ಕಡಿವಾಣ ಹಾಕಬೇಕೇ ಎಂದು ಸಾರಿಗೆ ಇಲಾಖೆ ಸಾರ್ವಜನಿಕರ ಸಭೆ ಕರೆಯಿತು. ಎಲ್ಲವನ್ನೂ ಮೊದಲೇ ಹೇಳುತ್ತೇವೆ ಎಂದು ಅತ್ತಿಗೆಯ ಮಾಲೀಕರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿ ಕೂತರು. ನನ್ನ ಪಕ್ಕದಲ್ಲಿದ್ದ ಅತ್ತಿಗೆ ಎದ್ದುನಿಂತರು.

"ಅತ್ತಿಗೆ, ಕೂತ್ಕೊಳ್ಳಿ. ಕೆಲ್ಸ ಹೋಗುತ್ತೆ," ಎಂದೆ.

"ನೀನು ಸುಮ್ನಿರಪ್ಪ," ಎಂದವರೇ ಅಧಿಕಾರಿಯ ಕಡೆ ತಿರುಗಿದರು. "ಸರ್, ಹೊದಿಕೆ ಎಳೆಯೋಳು ನಾನೇ. ನಾನು ಎಳೆಯೋ ತನಕ ಇವ್ರು ಏನೂ ಹೇಳಲ್ಲ. ಮುಂಚೆ ಹೇಳ್ಲಿ. ಆಗ ಬೇಡ ಅನ್ನೋಕೆ ಜನಕ್ಕೆ ಬಾಯಿ ಬರುತ್ತೆ."

ಮರುದಿನವೇ ಅವರನ್ನು ಹಿಂಬದಿಯ ಕಾರು ತೊಳೆಯುವ ಜಾಗಕ್ಕೆ ಅಟ್ಟಿದರು. ಬೇಸತ್ತು ತಾವೇ ಬಿಟ್ಟುಹೋಗಲಿ ಎಂಬ ಲೆಕ್ಕಾಚಾರ. ಅತ್ತಿಗೆ ಜಗ್ಗಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಆ ಮ್ಯಾನೇಜರ್ ಮೇಲೂ ಒಂದ್ಸಲ ಪೈಪ್ ಬಿಡಿ," ಎಂದೆ.

"ಬೇಡಪ್ಪ, ತೊಳೆದ ಖರ್ಚು ಕೇಳ್ತಾನೆ."

ಕೊನೆಗೂ ನಿಯಮ ಬಂತು. ಮುಂಗಡ ಪಡೆಯುವ ಮೊದಲೇ ಪೂರ್ತಿ ಬೆಲೆ ಹೇಳಬೇಕು, ಆಗ ಹೇಳದ ಶುಲ್ಕವನ್ನು ಆಮೇಲೆ ಕೇಳುವಂತಿಲ್ಲ. ನಾನು ಟ್ಯಾಕ್ಸಿಯಾಗಿ ಓಡಿಸುತ್ತಿದ್ದ ಹಳೆಯ ಗಾಡಿ ಅಷ್ಟರಲ್ಲಿ ಕೈಕೊಟ್ಟಿತ್ತು. ಬೇಕೆಂದೇ ಅದೇ ಶೋರೂಮಿಗೆ ಹೋದೆ. ಮ್ಯಾನೇಜರ್ ಎಲ್ಲವನ್ನೂ ಮಗ್ಗಿ ಒಪ್ಪಿಸುವವನ ಹಾಗೆ ಒಪ್ಪಿಸಿದ. ತೊಳೆಯುವ ಖರ್ಚು ಬೇಡ ಎಂದೆ. ತೆಗೆದುಹಾಕಿದ.

ಗಾಡಿ ಕೊಡುವ ದಿನ ಅಣ್ಣನನ್ನೂ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದೆ. ಹೊದಿಕೆಯ ತುದಿ ಹಿಡಿದು ಹೊಸ ಹುಡುಗಿಯೊಬ್ಬಳು ನಿಂತಿದ್ದಳು.

"ನಮ್ಮ ಅತ್ತಿಗೆ ಎಳೀಲಿ. ಇಲ್ಲಾಂದ್ರೆ ಗಾಡಿ ಹೊದ್ಕೊಂಡೇ ಇರ್ಲಿ, ನಮ್ಮ ದುಡ್ಡು ವಾಪಸ್ ಕೊಡಿ," ಎಂದೆ.

ಮ್ಯಾನೇಜರ್ ಮಾಲೀಕರ ಗಾಜಿನ ಕೋಣೆಯತ್ತ ನೋಡಿದ. ಅವರು ಒಲ್ಲದ ಮನಸ್ಸಿನಿಂದ ತಲೆಯಾಡಿಸಿದರು. ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ತುದಿ ಹಿಡಿದರು. ಎಳೆಯಲಿಲ್ಲ.

"ಎಲ್ಲಾ ಹೇಳಿದ್ದಾಯ್ತಾ?" ಎಂದು ಮ್ಯಾನೇಜರನ್ನು ಕೇಳಿದರು.

"ಆಯ್ತು, ಅಕ್ಕ."

ಆಮೇಲೆ ಎಳೆದರು. ಮೊದಲ ಚಪ್ಪಾಳೆ ಕುರ್ಚಿಯಲ್ಲಿ ಕೂತಿದ್ದ ಅಣ್ಣನದು. ನನಗೆ, ಇವರು ನಮ್ಮ ಮನೆಯವರು ಎಂದು ಬೀದಿಗೆಲ್ಲ ಕೇಳುವಂತೆ ಕೂಗಬೇಕೆನಿಸಿತು. ಅಂದಿನಿಂದ ಹೊದಿಕೆ ಮತ್ತೆ ಅವರ ಕೈಯಲ್ಲೇ ಇದೆ. ಪ್ರತಿ ಸಲವೂ ಆ ಪ್ರಶ್ನೆ ಕೇಳಿಯೇ ಎಳೆಯುತ್ತಾರೆ.