ಹಡಗಿನ ಮೂಗಿಗೆ ಚೆಂಡುಹೂವು

ಹೋದ ವಾರ ಖಾಸಬಾಗದ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸನೊಬ್ಬ ಸೀಟಿ ಊದಿ, ಕೈ ಎತ್ತಿ ನಮ್ಮ ಕಾರು ನಿಲ್ಲಿಸಿದ. ಕಣ್ಣು ಇಷ್ಟಗಲ! ಓಡೋಡಿ ಬಲಗಡೆಯ ಕಿಟಕಿಗೆ ಬಂದು ನನ್ನ ಹೆಂಡತಿ ಗಿರಿಜಾಳನ್ನು ಕೇಳಿದ.

"ಏನ್ರೀ ಅಕ್ಕಾರ, ಗಾಡಿ ಹೊಡಿಯೂ ಮುಂದ ಮೆಂತೆ ಪಲ್ಯ ಸೋಸ್ತಾರೇನ್ರಿ?"

ಗಿರಿಜಾ ಮೆಂತೆ ಸೊಪ್ಪಿನ ಕಡ್ಡಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ನಾ ಎಲ್ಲಿ ಹೊಡ್ಯಾಕತ್ತೇನ್ರಿ? ಹೊಡಿಯಾವ್ರು ಆ ಕಡೆ ಕುಂತಾರ ನೋಡ್ರಿ."

ಆತ ಬಗ್ಗಿ ನೋಡಿದ. ಎಡಗಡೆ, ಸ್ಟೀರಿಂಗ್ ಹಿಂದೆ, ನಾನು ಹಲ್ಲು ಕಿರಿದು ನಮಸ್ಕಾರ ಮಾಡಿದೆ. ಪಾಪ, ಆತ ಲೈಸೆನ್ಸ್ ಕೇಳುವುದು ಬಿಟ್ಟು ಕಾರಿನ ಜೊತೆ ಸೆಲ್ಫಿ ತೆಗೆದುಕೊಂಡ.

ನಮ್ಮದು ಅಮೆರಿಕದ ಕಾರು. ನನಗಿಂತ ಹಿರಿಯದು. ಗೋವಾದ ಸಾಹುಕಾರರೊಬ್ಬರು ಕೊಡುತ್ತೇನೆಂದಾಗ ನಮ್ಮಪ್ಪ ಹಿಂದೆ ಮುಂದೆ ನೋಡದೆ ಓಡಿಸಿಕೊಂಡು ಬಂದದ್ದು. ಸ್ಟೀರಿಂಗ್ ಎಡಕ್ಕೆ. ಉದ್ದ ಎಷ್ಟೆಂದರೆ, ಅನಗೋಳದ ನಮ್ಮ ಓಣಿಯಲ್ಲಿ ಅದನ್ನು ತಿರುಗಿಸಬೇಕಾದರೆ ಎದುರು ಮನೆಯವರು ಗೇಟು ತೆಗೆಯಬೇಕು, ತುಳಸಿಕಟ್ಟೆಯವರೆಗೂ ಅದರ ಮೂತಿ ಒಳಗೆ ಬಿಟ್ಟುಕೊಳ್ಳಬೇಕು. (ಬಿಟ್ಟುಕೊಳ್ಳುತ್ತಾರೆ. ದೊಡ್ಡ ಮನಸ್ಸಿನವರು.) ಓಣಿಯವರೆಲ್ಲ ಅದಕ್ಕೆ 'ಹಡಗ' ಅನ್ನುತ್ತಾರೆ.

ಸ್ಪೇರ್ ಪಾರ್ಟ್ಸ್ ಎಲ್ಲಿ ಸಿಗುತ್ತವೆ ಅಂತ ಎಲ್ಲರೂ ಕೇಳುತ್ತಾರೆ. ಮೂಲೆಗೊಂದು ಬಿಡಿಭಾಗ ಕಡೆಯುವ ಲೇತ್ ಇರುವ ಬೆಳಗಾವಿಯಲ್ಲಿದ್ದುಕೊಂಡು ಕೇಳುವ ಪ್ರಶ್ನೆಯೇ ಇದು? ಅಮೆರಿಕದಿಂದ ತರಿಸಬೇಕು ಅನ್ನುತ್ತದೆ ಇಂಟರ್ನೆಟ್ಟು. ಉದ್ಯಮಬಾಗದ ಲೇತಿನವರು "ಹಳೇದ್ ಇಟ್ಟ ಹೋಗ್ರಿ, ಸಂಜೀಕ ಬರ್ರಿ" ಅನ್ನುತ್ತಾರೆ. ಹಾಗಾಗಿ ಬೇರಿಂಗು ಹೊಲದ ಪಂಪ್‌ಸೆಟ್ಟಿನದು, ಬ್ರೇಕಿನೊಳಗಿನ ರಬ್ಬರು ಜೀಪಿನದು, ಗ್ಯಾಸ್ಕೆಟ್ಟು ನಾನೇ ಕತ್ತರಿಯಲ್ಲಿ ಕತ್ತರಿಸಿದ್ದು. ಈಗ ಅದರಲ್ಲಿ ಅಪ್ಪಟ ಅಮೆರಿಕದ್ದು ಅಂತ ಉಳಿದಿರುವುದು ಬಾಡಿ ಮತ್ತು ಪೆಟ್ರೋಲಿನ ಹಸಿವು.

ಆದರೆ ಎಡಗಡೆ ಕುಳಿತು ಓಡಿಸುವವನಿಗೆ ಮುಂದಿನ ಲಾರಿಯ ಹಿಂಭಾಗ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಎದುರಿನಿಂದ ಏನು ಬರುತ್ತಿದೆ ಅನ್ನುವುದು ಕಾಣುವುದು ಬಲಗಡೆ ಕುಳಿತವರಿಗೆ. ಅಂದರೆ ಗಿರಿಜಾಗೆ. ಆಕೆ ಕುತ್ತಿಗೆ ಚಾಚಿ ನೋಡಿ "ನಡೀರಿ" ಅಂದರೆ ನಾನು ಓವರ್‌ಟೇಕ್ ಮಾಡುತ್ತೇನೆ. "ಬ್ಯಾಡ" ಅಂದರೆ ಇಲ್ಲ. ಮನೆಯ ಉಳಿದ ವ್ಯವಹಾರವೂ ಹೆಚ್ಚುಕಡಿಮೆ ಹೀಗೇ ನಡೆದುಕೊಂಡು ಬಂದಿದೆ.

ಪೊಲೀಸ್ ಪ್ರಸಂಗದ ಮರುದಿನವೇ ಗಿರಿಜಾಳ ಅಣ್ಣನ ಮಗಳ ಮದುವೆ. ವರ ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನವನು, ಕಲ್ಯಾಣ ಮಂಟಪ ಖಾಸಬಾಗದಲ್ಲಿ. ವರನನ್ನು ನಮ್ಮ ಕಾರಿನಲ್ಲೇ ಕರೆತರಬೇಕೆಂದು ಗಿರಿಜಾಳ ಅಣ್ಣನ ಹಟ. ನಾನಂತೂ ಕುಣಿದಾಡಿಬಿಟ್ಟೆ. ಗಿರಿಜಾ ಕುಣಿಯಲಿಲ್ಲ.

"ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ರ ಛಲೋ," ಅಂದಳು. "ದಾರ್‍ಯಾಗ ಕೆಟ್ಟು ನಿಂತು, ಅಕ್ಕಿಕಾಳು ಬೀಳೂ ಮುಹೂರ್ತ ತಪ್ಪಿತಂದ್ರ, ಮರುದಿನಾನ ಇದನ್ನ ಮಾರೂದು. ಮತ್ತ ಆಮ್ಯಾಲ ಮಾರಿ ಸಣ್ಣದ ಮಾಡ್ಕೊಂಡು ಕುಂದ್ರಬ್ಯಾಡ್ರಿ."

ಆಕೆ ಸುಮ್ಮನೆ ಹೆದರಿಸುವವಳಲ್ಲ.

ಬೆಳಿಗ್ಗೆ ಬೀಡಿ ಮುಟ್ಟುವವರೆಗೆ ಹಡಗು ಹೂವು ಎತ್ತಿದಷ್ಟು ಸಲೀಸಾಗಿ ಓಡಿತ್ತು. ವರನ ಮನೆಯಲ್ಲಿ ನನಗೆ ಬಿಸಿ ಶಿರಾ, ಉಪ್ಪಿಟ್ಟು, ಮೇಲೆ ಚಹಾ. ಹೊರಗೆ ಕಾರಿಗೆ ಕುಂಕುಮ, ಆರತಿ, ಅಲಂಕಾರ. ತಿಂದು ಹೊರಗೆ ಬಂದು ನೋಡುತ್ತೇನೆ, ಅಬ್ಬಬ್ಬಾ! ಕಾರಿನ ಮುಂದಿನ ದೊಡ್ಡ ಜಾಲರಿಯ ತುಂಬ ಚೆಂಡುಹೂವು. ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ, ಒತ್ತಿ ಒತ್ತಿ ತುಂಬಿದ್ದರು. ಅದರ ಮೇಲೆ ಸೇವಂತಿಗೆ ಮಾಲೆ, ಮಾವಿನ ತೋರಣ.

ಮೂವತ್ತು ವರ್ಷ ಈ ಗಾಡಿ ರಿಪೇರಿ ಮಾಡಿಸಿದ ಮಹಾನುಭಾವ ನಾನು ಆಗ ಏನು ಹೇಳಿದೆ ಗೊತ್ತೇ? "ಕೆಳಗಿನ ಸಾಲಿಗೂ ಒಂದ್ ಮಾಲಿ ಹಾಕ್ರಿ, ಬೋಳ ಕಾಣಾಕತ್ತೈತಿ" ಅಂದೆ.

ಈಗ ವರ ಎಲ್ಲಿ ಕೂರಬೇಕು? ಮುಂದಿನದು ಅಡ್ಡಗಲದ ಒಂದೇ ಸೀಟು, ಮೂವರು ಆರಾಮ ಕೂರಬಹುದು. ಗಿರಿಜಾ ಬಲಗಡೆ ಹತ್ತಲು ಹೋದಳು. ವರನ ಸೋದರಮಾವ ಶಿವಪುತ್ರಪ್ಪನವರು ಅಡ್ಡ ನಿಂತರು. ರುಮಾಲು, ಹುರಿ ಮೀಸೆ, ಮಾತೆಂದರೆ ಆಜ್ಞೆ.

"ಹುಡುಗ ಕಿಟಕಿ ಬಾಜೂಕ ಕುಂದ್ರಬೇಕ್ರಿ. ಊರ ಮಂದಿ ನೋಡೂದು ಬ್ಯಾಡೇನ್ರಿ?"

ಬೀಗರ ಕಡೆಯವರಿಗೆ ಎದುರಾಡುವುದುಂಟೇ? ಗಿರಿಜಾ ನಡುವೆ ಕುಳಿತಳು, ವರ ಕಿಟಕಿಗೆ. ಬಾಸಿಂಗ ಕಟ್ಟಿಯೇ ಮನೆ ಬಿಡಬೇಕೆಂದು ಅವರ ಪದ್ಧತಿ. ಹಣೆಯ ಮೇಲೆ ಬಾಸಿಂಗ, ಎರಡೂ ಕೆನ್ನೆಗೆ ಇಳಿಬಿದ್ದ ಹೂವಿನ ಎಳೆಗಳು. ಹುಡುಗನಿಗೆ ಜಗತ್ತು ಕಾಣುತ್ತಿದ್ದುದೇ ಒಂದು ಬಾಗಿಲ ಸಂದಿಯಷ್ಟು. ಸೋದರಮಾವ ಉಳಿದವರ ಜೊತೆ ಹಿಂದಿನ ಟೆಂಪೋ ಹತ್ತಿದರು.

ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಮುಂದೆ ಕಬ್ಬಿನ ಟ್ರ್ಯಾಕ್ಟರ್. ಎರಡು ಟ್ರೇಲರ್ ತುಂಬ ಕಬ್ಬು, ಎತ್ತಿನ ನಡಿಗೆ.

"ಅಳಿಯಾರ, ಎದರಿಗೆ ಏನರ ಬರಾಕತ್ತೈತೇನ ನೋಡ್ರಿ," ಅಂದೆ.

ಹುಡುಗ ಹೂವಿನೆಳೆ ಸರಿಸಿ, ಬಹಳ ಹೊತ್ತು ನೋಡಿ, ವಿನಯದಿಂದ ಹೇಳಿದ: "ನಿಮಗ ಹೆಂಗ ಅನಸ್ತೈತಿ ಹಂಗ ಮಾಡ್ರಿ ಮಾವಾರ."

"ನನಗ ಕಾಣಸಂಗಿಲ್ಲಪಾ! ಹೋಗಲ್ಯೋ ಬ್ಯಾಡೋ?"

"ನೀವು ಹಿರ್‍ಯಾರು. ನಾ ಏನ್ ಹೇಳಲಿ?"

ದೇವರೇ! ಹಿರಿಯರಿಗೆ 'ನಡೀರಿ' ಅಂತ ಹೇಳಬಾರದೆನ್ನುವ ಸಂಸ್ಕಾರವಂತ. ಇಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು, ಆದರೆ ಓವರ್‌ಟೇಕ್ ಮಾಡುವಾಗ ಅಲ್ಲ. ಗಿರಿಜಾ ಮುಖ ಹೊರಳಿಸಿ ನಗು ತಡೆಯುತ್ತಿದ್ದಳು. ನಾನು ಟ್ರ್ಯಾಕ್ಟರಿನ ಹಿಂದೆ ಫಸ್ಟ್ ಗೇರಿನಲ್ಲಿ ತೆವಳಿದೆ. ಅದರ ಮುಂದೆ ಇನ್ನೊಂದು ಟ್ರ್ಯಾಕ್ಟರ್ ಇತ್ತು. ಹಿಂದಿನಿಂದ ಟೆಂಪೋ ಒಂದೇ ಸಮ ಹಾರ್ನ್ ಹೊಡೆಯುತ್ತಿತ್ತು.

ಖಾನಾಪುರ ಇನ್ನೇನು ಬಂತು ಅನ್ನುವಾಗ ಬಾನೆಟ್ಟಿನ ಸಂದಿಯಿಂದ ಹೊಗೆ. ಹೊಗೆಯಲ್ಲ, ಹಬೆ! ಮೀಟರಿನ ಮುಳ್ಳು ಕೆಂಪು ದಾಟಿ ಮಲಗಿತ್ತು. ಪಕ್ಕದ ಹೋಟೆಲಿನ ಎದುರು ನಿಲ್ಲಿಸಿದೆ. ಗಿರಿಜಾ ಕೈಗಡಿಯಾರ ನೋಡಿಕೊಂಡಳು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಹೋಯಿತು ನನ್ನ ಹಡಗು ಅಂದುಕೊಂಡೆ.

ಶಿವಪುತ್ರಪ್ಪನವರು ಟೆಂಪೋದಿಂದ ಧುಮುಕಿದರು. "ಹುಡುಗನ್ನ ಟೆಂಪೋದಾಗ ಹತ್ತಸ್ರಿ! ಇಂಥಾ ಗುಜರಿ ಮಾಲ್ ನಂಬಿ ಲಗ್ನಕ್ಕ ಹೊಂಟೇವಿ ನೋಡ್ರಿ!"

ಗುಜರಿ.

ಆ ಗಾಡಿಗೆ ಗುಜರಿ ಅನ್ನುವ ಹಕ್ಕು ಮೂವತ್ತು ವರ್ಷಗಳಿಂದ ಗಿರಿಜಾ ಒಬ್ಬಳದು. ದಿನಕ್ಕೊಮ್ಮೆಯಾದರೂ ಆ ಹಕ್ಕು ಚಲಾಯಿಸುತ್ತಾಳೆ. ಆದರೆ ಬೇರೆಯವರು? ಅದೂ ನಡುರಸ್ತೆಯಲ್ಲಿ?

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು. ಕಾರಿನ ಮುಂದೆ ಹೋಗಿ ನಿಂತಳು. ಜಾಲರಿ ನೋಡಿದಳು, ಹಬೆ ನೋಡಿದಳು, ನನ್ನನ್ನು ನೋಡಿದಳು.

"ಅಲ್ರೀ, ಮೂಗಿನ್ಯಾಗ ಇಷ್ಟ ಹೂವ ತುರುಕಿದ್ರ ಇದು ಉಸಿರ ಹೆಂಗ ಆಡಬೇಕ್ರಿ? ಒಳಗ ಗಾಳಿ ಹೋಗೂದ ಬ್ಯಾಡೇನ್ರಿ?"

ಗಾಳಿ! ರೇಡಿಯೇಟರಿಗೆ ಗಾಳಿ! ಇಷ್ಟು ಸಣ್ಣ ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ. ಆಕೆ ಹೂವು ಕೀಳಲು ಕೈ ಹಾಕಿದಳು.

"ತಡೀರಿ ತಂಗಿ!" ಶಿವಪುತ್ರಪ್ಪನವರು ಕೂಗಿದರು. "ಲಗ್ನದ ಗಾಡಿ ಹೂವ ಕೀಳಬಾರ್‍ದು. ಅಪಶಕುನ!"

ಗಿರಿಜಾ ಸೇವಂತಿಗೆಯ ಮಾಲೆ ಬಿಡಿಸಿಕೊಂಡು ನೇರ ಅವರ ಹತ್ತಿರ ಹೋಗಿ ಕೊರಳಿಗೆ ಹಾಕಿ ಕೈ ಮುಗಿದಳು. "ಕೀಳೂದಲ್ರಿ ಅಣ್ಣಾರ, ಸತ್ಕಾರ. ವರನ ಸೋದರಮಾವಗ ಮೊದಲ ಮರ್‍ಯಾದಿ." ಇನ್ನೊಂದು ಮಾಲೆ. ಮತ್ತೊಂದು. ಟೆಂಪೋದಿಂದ ಇಳಿದಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಮರ್ಯಾದೆ ಬೇಡ ಅನ್ನಲು ಬೀಗರಿಗೆ ಎಲ್ಲಿ ಸಾಧ್ಯ? ಅವರು ಮೀಸೆಯವರೆಗೆ ಹೂವಿನಲ್ಲಿ ಮುಳುಗಿ, ಕೊನೆಗೆ ತಾವೇ ನಕ್ಕು, "ತಂಗಿ ಭಾಳ ಶ್ಯಾಣ್ಯಾಕಿ ಅದಾಳ" ಅಂದರು. ಸಂದಿಯಲ್ಲಿದ್ದ ಚೆಂಡುಹೂವನ್ನು ನಾನು ಬೆರಳು ಹಾಕಿ ಕಿತ್ತೆ.

ಹಬೆ ಇಳಿದ ಮೇಲೆ ಕೈಗೆ ಗೋಣಿಚೀಲ ಸುತ್ತಿ ರೇಡಿಯೇಟರಿನ ಮುಚ್ಚಳ ತೆಗೆದು, ಹೋಟೆಲಿನ ಕೊಡದಿಂದ ನೀರು ಹಾಕಿದೆ. ಸ್ಟಾರ್ಟ್! ಒಂದೇ ಸಲಕ್ಕೆ! ಈ ಸಲ ಯಾರನ್ನೂ ಕೇಳದೆ ಗಿರಿಜಾ ಬಲಗಡೆ ಕುಳಿತಳು. ವರ ನಡುವಿಗೆ ಬಂದ.

ಅಮೆರಿಕದ ಗಾಡಿಗಳಿಗೆ ಹಿಮದ ಕಾಲಕ್ಕೆಂದು ಒಂದು ಹೀಟರ್ ಇರುತ್ತದೆ. ಅದನ್ನು ಹಾಕಿದರೆ ಎಂಜಿನ್ನಿನ ಬಿಸಿಯೆಲ್ಲ ಕಾರಿನೊಳಗೆ ಬಂದು ಎಂಜಿನ್ ತಂಪಾಗುತ್ತದೆ. ಫುಲ್ ಹಾಕಿದೆ. ರೇಷ್ಮೆ ಶಲ್ಯ, ಬಾಸಿಂಗ, ಮೊಣಕಾಲಿಗೆ ನೇರ ಬೆಂಕಿಯಂಥ ಗಾಳಿ. ಹುಡುಗ ಇಡ್ಲಿಯ ಹಾಗೆ ಬೆಂದ. "ಶೆಕಿ ಆತೇನ್ರಿ ಅಳಿಯಾರ?" ಅಂದರೆ, "ಇಲ್ಲ ಮಾವಾರ, ಹಿತ ಐತಿ" ಅಂತಾನೆ!

"ನಡೀರಿ!" ಅಂದಳು ಗಿರಿಜಾ. ಒಂದು ಟ್ರ್ಯಾಕ್ಟರ್ ಹಿಂದೆ ಹೋಯಿತು. "ಬ್ಯಾಡ, ಬಸ್ಸ ಐತಿ... ಈಗ ನಡೀರಿ! ಒತ್ತರಿ ಇನ್ನಷ್ಟು!" ಇನ್ನೊಂದು ಹೋಯಿತು. ಆಕೆಯ ತುರುಬು ಬಿಚ್ಚಿ ಗಾಳಿಗೆ ಹಾರುತ್ತಿತ್ತು, ಆಕೆ ಕಿಟಕಿಯಿಂದ ಅರ್ಧ ಹೊರಗಿದ್ದಳು, ಮೂವರೂ ಬೆವರಿ ತೊಪ್ಪೆಯಾಗಿ ಹುಚ್ಚರಂತೆ ನಗುತ್ತಿದ್ದೆವು. ನನ್ನ ಮದುವೆಯ ದಿನವೂ ನಾನು ಅಷ್ಟು ಖುಷಿಯಾಗಿರಲಿಲ್ಲ. (ಇದನ್ನು ಆಕೆ ಓದುತ್ತಾಳೆ. ಓದಲಿ.)

ಮಂಟಪದ ಬಾಗಿಲಲ್ಲಿ ಗಿರಿಜಾಳ ಅಣ್ಣ ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು. ಇಳಿದ ವರನನ್ನು ನೋಡಿ ಗಾಬರಿಯಾದರು. "ಎಲ್ಲೆರ ಮಳಿ ಆತೇನ್ರಿ?" ಮಾತಿಗೆ ಹೊತ್ತಿರಲಿಲ್ಲ. ಹುಡುಗನ ಮುಖ ಒರೆಸಿ ಒಳಗೆ ಓಡಿಸಿದೆವು. ಅಕ್ಕಿಕಾಳು ಬಿತ್ತು, ಹೊತ್ತಿಗೆ ಸರಿಯಾಗಿ.

ಸಂಜೆ ಮನೆಗೆ ಬಂದು, ಚಹಾ ಕುಡಿದು, ಧೈರ್ಯ ಮಾಡಿ ಕೇಳಿದೆ: "ಮತ್ತ, ಗಾಡಿ ಇಟ್ಕೊಳ್ಳೂಣಲ್ಲ?"

"ಕೆಟ್ಟು ನಿಂತಿತ್ತೋ ಇಲ್ಲೋ? ಮಾರೂದಂದ್ರ ಮಾರೂದು," ಅಂದಳು. ನಾನು ಗಾಡಿಯ ಕೀಲಿ ತೆಗೆದು ಆಕೆಯ ಮುಂದಿಟ್ಟೆ. ಆಕೆ ತಲೆ ಬಾಚಿಕೊಳ್ಳುತ್ತ, ನನ್ನ ಕಡೆ ನೋಡದೆ ಮುಂದುವರಿಸಿದಳು: "ನಮ್ಮ ತವರಮನಿ ಹುಡುಗೂರ ಲಗ್ನ ಎಲ್ಲಾ ಮುಗದ ಮ್ಯಾಲ."

ಆಕೆಯ ತವರುಮನೆಯಲ್ಲಿ ಲಗ್ನದ ವಯಸ್ಸಿಗೆ ಬಂದವರು ಇನ್ನೂ ಬಹಳ ಮಂದಿ ಇದ್ದಾರೆ. ಎಲ್ಲರಿಗೂ ಒಳ್ಳೆಯ ಸಂಬಂಧವೇ ಸಿಗಲಿ, ಆದರೆ ದೇವರೇ, ಸಾವಕಾಶ, ಒಬ್ಬೊಬ್ಬರಿಗೇ ಸಿಗಲಿ!