ರುಚಿ ನೋಡದೆ ಮಾಡಿದ ಐರಿಷ್ ಕಾಫಿ

ಚಮಚ ಮುಂದೆ ಹಿಡಿದು "ಸ್ವಲ್ಪ ರುಚಿ ನೋಡಿ" ಎಂದೆ. ಪಕ್ಕದ ಮನೆಯ ಮೌರೀನ್ ಬೇಡವೆಂದು ತಲೆಯಾಡಿಸಿದರು. ತೊಂಬತ್ತರ ದಶಕದ ಒಂದು ಸೇಂಟ್ ಪ್ಯಾಟ್ರಿಕ್ ಹಬ್ಬದ ಮಧ್ಯಾಹ್ನ ಅದು. ಅಮೆರಿಕದ ಏಪೆಕ್ಸ್ ಊರಿನ ನಮ್ಮ ಬೀದಿಯವರೆಲ್ಲ ಅವರ ಹಾಲ್‌ನಲ್ಲಿ ಸೇರಿದ್ದರು. ಐರ್ಲೆಂಡಿನಿಂದ ಬಂದ ಈ ವಯಸ್ಸಾದ ಹೆಂಗಸು ಪ್ರತಿವರ್ಷ ಎಲ್ಲರಿಗೂ ಐರಿಷ್ ಕಾಫಿ ಮಾಡಿಕೊಡುತ್ತಿದ್ದರು. ಅಡುಗೆಮನೆಯಲ್ಲಿ ಅವರಿಗೆ ಕೈಜೋಡಿಸಲು ವಿಸ್ಕಿಯ ಗಂಧವೇ ತಿಳಿಯದ ನಾನೊಬ್ಬಳೇ.

ಬಿಸಿ ಕಾಫಿಗೆ ಕಂದು ಸಕ್ಕರೆ ಕದಡಿ, ವಿಸ್ಕಿ ಸುರಿದು, ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ಬಳಿಕ ಚಮಚದ ಬೆನ್ನ ಮೇಲಿಂದ ಕೆನೆ ಇಳಿಸಿದರೆ, ಅದು ಕಪ್ಪು ಕಾಫಿಯ ಮೇಲೆ ಬೆರೆಯದೆ ಬೆಳ್ಳಗೆ ನಿಲ್ಲುತ್ತಿತ್ತು. ಎರಡನೇ ಲೋಟಕ್ಕೆ ಬಂದ ನನ್ನ ಗಂಡ, "ಪರ್ಫೆಕ್ಟಾಗಿದೆ ಕಣೇ, ಯಾವ ಬಾರಲ್ಲೂ ಹೀಗ್ ಮಾಡಲ್ಲ" ಎಂದರು.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮೌರೀನ್ ನಕ್ಕರು. "ನಾನು ಇದನ್ನ ಕುಡಿದೇ ಇಲ್ಲ. ಚಿಕ್ಕವಳಿದ್ದಾಗ ಚರ್ಚಲ್ಲಿ ದೇವರಿಗೆ ಮಾತು ಕೊಟ್ಟಿದ್ದೆ, ಒಂದು ಹನಿಯೂ ಮುಟ್ಟಲ್ಲ ಅಂತ."

ನೈವೇದ್ಯದ ಅಡುಗೆಯನ್ನು ನಾಲಿಗೆಗೆ ತಾಗಿಸದೆ ಮಾಡುವ ನನ್ನ ಅಮ್ಮನೇ ವಿಸ್ಕಿ ಬಾಟಲಿ ಹಿಡಿದು ಎದುರಿಗೆ ನಿಂತಂತಿತ್ತು.

ಆ ವರ್ಷ ಗಣೇಶನ ಹಬ್ಬಕ್ಕೆ ಮೌರೀನ್ ಬಂದಾಗ ಒಲೆಯ ಮೇಲೆ ಪಾಯಸವಿತ್ತು. ದೇವರಿಗಿಡುವ ಮುಂಚೆ ನಾವೂ ರುಚಿ ನೋಡುವುದಿಲ್ಲ ಎಂದೆ. ಅವರು ಸೌಟಿನಲ್ಲಿ ಒಂದಿಷ್ಟು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಸರಿಯಾಗಿದೆ ಎಂದರು. ಸರಿಯಾಗಿಯೇ ಇತ್ತು.